ಸಿಳ್ಳೆಯ ಭಾಷೆಯನ್ನೂ ವಿಚಾರಿಸಿದ ಕಾಲ: ಕುರ್ದಿ ಲೇಖಕ ಮೂಸಾ ಅಂತೆರ್

ಪಶ್ಚಿಮ ಏಷ್ಯದ ಬೆಟ್ಟಸೀಮೆಯಲ್ಲಿ ತಲೆತಲಾಂತರದಿಂದ ನೆಲೆಸಿರುವ ಕುರ್ದಿ ಜನರಿಗೆ ತಮ್ಮದೇ ಆದ ಭಾಷೆಯಿದೆ, ಹಾಡುಗಳಿವೆ, ತಮ್ಮ ನಾಡೆಂದು ಕರೆದುಕೊಳ್ಳುವ ನೆಲವಿದೆ. ತಮ್ಮದೆನ್ನಬಹುದಾದ ದೇಶವಿಲ್ಲ. ಮೊದಲನೆಯ ಮಹಾಯುದ್ಧದ ನಂತರ ಆಟೊಮನ್ ಸಾಮ್ರಾಜ್ಯ ಒಡೆದಾಗ ಎಳೆದ ಗಡಿಗೆರೆಗಳು ಅವರನ್ನು ಟರ್ಕಿ, ಇರಾಕ್ ಮತ್ತು ಸಿರಿಯಾಗಳ ನಡುವೆ ಹಂಚಿದವು. ಇರಾನಿನಲ್ಲಿ ಅವರು ಅದಕ್ಕೆ ಮುಂಚಿನಿಂದಲೂ ಇದ್ದರು. ಈ ನಾಲ್ಕು ದೇಶಗಳ ಪೈಕಿ ಅವರು ಅತಿ ಹೆಚ್ಚಿನ ಸಂಖ್ಯೆಯಲ್ಲಿರುವುದು ಟರ್ಕಿಯಲ್ಲಿ. ಆದರೆ ಆ ದೇಶದ ಕಾನೂನಿನಲ್ಲಿ ಅವರು ಅಲ್ಪಸಂಖ್ಯಾತರೆಂದೂ ಪರಿಗಣಿತರಾಗಲಿಲ್ಲ. ಹೀಗೆ ಇಲ್ಲವೆಂದು ಘೋಷಿಸಲ್ಪಟ್ಟ ಜನರ ನಡುವೆ ಹುಟ್ಟಿ, ಇದ್ದೇವೆ ಎಂದು ಹೇಳುವುದನ್ನೇ ಬಾಳಿನ ಕಾಯಕ ಮಾಡಿಕೊಂಡ ಮೂಸಾ ಅಂತೆರ್ ಅವರ ಬದುಕನ್ನು ನಾವು ಇಲ್ಲಿ ಸ್ಮರಿಸಲು ಬಯಸುತ್ತೇವೆ.

ಅಂತೆರ್ ಅವರು 1920ರ ಸುಮಾರಿಗೆ ಮಾರ್ದಿನ್ ಪ್ರಾಂತದ ನುಸೈಬಿನ್ ಬಳಿಯ ಒಂದು ಹಳ್ಳಿಯಲ್ಲಿ ಜನಿಸಿದರು. ಊರವರು ಆ ಹಳ್ಳಿಯನ್ನು ಜಿವಿಂಗೆ ಎಂದು ಕರೆಯುತ್ತಿದ್ದರು. ಸರ್ಕಾರದ ಕಾಗದಪತ್ರಗಳಲ್ಲಿ ಅದು ಎಸ್ಕಿಮಗಾರಾ ಎಂಬ ತುರ್ಕಿ ಹೆಸರನ್ನು ಪಡೆಯಿತು. ನುಸೈಬಿನ್ ಗಡಿಯ ಊರು. ಆ ಭಾಗದಲ್ಲಿ ಟರ್ಕಿ ಮತ್ತು ಸಿರಿಯಾಗಳ ನಡುವಣ ಗಡಿ ಬಹುದೂರದವರೆಗೆ ಬಾಗ್ದಾದ್ ರೈಲುಮಾರ್ಗದ ಉದ್ದಕ್ಕೂ ಸಾಗುತ್ತದೆ. ಹಳಿಯ ಉತ್ತರಕ್ಕಿರುವ ನುಸೈಬಿನ್ ಟರ್ಕಿಗೆ ಸೇರಿತು. ದಕ್ಷಿಣಕ್ಕೆ ಕಣ್ಣಳತೆಯಲ್ಲಿರುವ ಕಾಮಿಶ್ಲಿ ಸಿರಿಯಾಕ್ಕೆ ಸೇರಿತು. ಒಂದೇ ಮನೆತನದ ಅಣ್ಣತಮ್ಮಂದಿರು ಎರಡು ದೇಶಗಳ ಪ್ರಜೆಗಳಾದರು. ಅಲ್ಲಿನ ಕುರ್ದಿ ಜನ ಇಂದಿಗೂ ದೇಶಗಳ ಹೆಸರು ಹೇಳದೆ, ಗೆರೆಯ ಮೇಲಿನವರು, ಗೆರೆಯ ಕೆಳಗಿನವರು ಎಂದೇ ತಮ್ಮನ್ನು ಗುರುತಿಸಿಕೊಳ್ಳುವುದುಂಟು. ಗಡಿನಾಡಿನಲ್ಲಿ ಬಾಳುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂತೆರ್ ಹುಟ್ಟಿದ ಕೆಲವೇ ವರ್ಷಗಳಲ್ಲಿ, 1923ರಲ್ಲಿ, ಲೋಸಾನ್ ಒಪ್ಪಂದ ಹೊಸ ಟರ್ಕಿಗೆ ಜಗತ್ತಿನ ಮನ್ನಣೆ ದೊರಕಿಸಿತು. ಆ ಒಪ್ಪಂದ ಮುಸ್ಲಿಮೇತರರನ್ನು ಮಾತ್ರ ಅಲ್ಪಸಂಖ್ಯಾತರೆಂದು ಗುರುತಿಸಿತು. ಕುರ್ದಿ ಜನರಲ್ಲಿ ಬಹುಪಾಲು ಮುಸ್ಲಿಮರಾದುದರಿಂದ ಅವರು ಆ ಪಟ್ಟಿಯ ಹೊರಗೆ ಉಳಿದರು. ಆದರೂ ಅದೇ ಒಪ್ಪಂದದ 39ನೆಯ ವಿಧಿಯಲ್ಲಿ, ಟರ್ಕಿಯ ಯಾವ ಪ್ರಜೆಯೂ ಖಾಸಗಿ ವ್ಯವಹಾರದಲ್ಲಿ, ವ್ಯಾಪಾರದಲ್ಲಿ, ಪತ್ರಿಕೆಯಲ್ಲಿ, ಸಾರ್ವಜನಿಕ ಸಭೆಯಲ್ಲಿ ತನಗೆ ಬೇಕಾದ ಭಾಷೆಯನ್ನು ಬಳಸುವುದಕ್ಕೆ ಅಡ್ಡಿ ಮಾಡಲಾಗದೆಂಬ ಭರವಸೆ ಇತ್ತು. ಆ ಭರವಸೆ ಕಾಗದದಲ್ಲೇ ಉಳಿಯಿತು. 1925ರಲ್ಲಿ ಶೇಖ್ ಸಯೀದ್ ಅವರ ಬಂಡಾಯವನ್ನು ಹತ್ತಿಕ್ಕಿದ ಮೇಲೆ ಕುರ್ದಿ ಎಂಬ ಮಾತೇ ಸಾರ್ವಜನಿಕ ಬದುಕಿನಿಂದ ಮರೆಯಾಗತೊಡಗಿತು. ಕುರ್ದಿಗಳು ತಮ್ಮ ಭಾಷೆಯನ್ನು ಮರೆತ ಬೆಟ್ಟದ ತುರ್ಕರು ಎಂಬ ವಾದವೂ ಮುಂದೆ ಹುಟ್ಟಿಕೊಂಡಿತು.

ಬಾಲಕ ಮೂಸಾ ತಾಯ್ನುಡಿಯನ್ನು ಮನೆಯಲ್ಲಿ ಬಿಟ್ಟು ಶಾಲೆಗೆ ಹೋಗಬೇಕಾಯಿತು. ಮಾರ್ದಿನ್‌ನಲ್ಲಿ ಆರಂಭದ ಓದು ಮುಗಿಸಿ, ಮುಂದಿನ ಶಿಕ್ಷಣಕ್ಕಾಗಿ ಅದಾನಾ ನಗರಕ್ಕೆ ತೆರಳಿದರು. 1937 ಮತ್ತು 1938ರಲ್ಲಿ ದೆರ್ಸಿಮ್ ಸೀಮೆಯಲ್ಲಿ ಸೈನ್ಯದ ಘೋರ ಕಾರ್ಯಾಚರಣೆ ನಡೆದ ಹೊತ್ತಿಗೆ ಅವರಿನ್ನೂ ಶಾಲಾ ವಿದ್ಯಾರ್ಥಿ. ಆ ದಿನಗಳಲ್ಲೇ ಅವರು ಮೊದಲ ಬಾರಿಗೆ ಪೊಲೀಸರ ವಶಕ್ಕೆ ಹೋದರು. 1940ರ ದಶಕದ ಆರಂಭದಲ್ಲಿ ಇಸ್ತಾಂಬುಲ್ ಸೇರಿ ಕಾನೂನು ವ್ಯಾಸಂಗಕ್ಕೆ ತೊಡಗಿದರು. ಮುಂದೆ ತಮ್ಮನ್ನು ಹಲವು ಬಾರಿ ಕಟಕಟೆಯಲ್ಲಿ ನಿಲ್ಲಿಸಲಿದ್ದ ಕಾನೂನನ್ನೇ ಅವರು ಓದಿದ್ದು ಒಂದು ವಿಪರ್ಯಾಸ.

ಪೂರ್ವದ ಹಳ್ಳಿಗಳಿಂದ ಓದಲು ಬರುತ್ತಿದ್ದ ಹುಡುಗರಿಗೆ ಇಸ್ತಾಂಬುಲಿನಲ್ಲಿ ಉಳಿಯಲು ಜಾಗವಿರಲಿಲ್ಲ. ಅಂಥವರಿಗಾಗಿ ನಡೆದ ದಿಜ್ಲೆ ವಿದ್ಯಾರ್ಥಿನಿಲಯದ ಹೊಣೆಯನ್ನು ಅಂತೆರ್ ಹೊತ್ತರು. ದಿಜ್ಲೆ ಎಂದರೆ ಟೈಗ್ರಿಸ್ ನದಿ. ಊರಿನ ನದಿಯ ಹೆಸರು ಹೊತ್ತ ಆ ಮನೆಯಲ್ಲಿ ಮುಂದಿನ ಒಂದು ಪೀಳಿಗೆಯ ಕುರ್ದಿ ವಕೀಲರು, ವೈದ್ಯರು, ಬರಹಗಾರರು ಒಬ್ಬರನ್ನೊಬ್ಬರು ಅರಿತರು. ಅವರ ಕುರಿತು ಇಂದಿಗೂ ಹೆಚ್ಚಾಗಿ ಹೇಳಲಾಗುವ ಪ್ರಸಂಗವೂ ಇಸ್ತಾಂಬುಲಿನ ಆ ದಿನಗಳದೇ. ಒಂದು ಕುರ್ದಿ ಹಾಡಿನ ರಾಗವನ್ನು ಸಿಳ್ಳೆಯಲ್ಲಿ ಹಾಕಿದ್ದಕ್ಕಾಗಿ ಅವರು ಪೊಲೀಸರ ವಿಚಾರಣೆ ಎದುರಿಸಬೇಕಾಯಿತು. ಸಿಳ್ಳೆಗೆ ಅಕ್ಷರವಿಲ್ಲ, ವ್ಯಾಕರಣವಿಲ್ಲ. ಅದಕ್ಕೂ ಭಾಷೆಯನ್ನು ಆರೋಪಿಸಿ ಅಪರಾಧವೆಂದ ವ್ಯವಸ್ಥೆಯ ಭಯ ಎಷ್ಟು ಆಳದ್ದೆಂಬುದನ್ನು ಈ ಒಂದು ಘಟನೆಯೇ ತಿಳಿಸುತ್ತದೆ. ಅಂತೆರ್ ಇದನ್ನು ನಗುತ್ತಲೇ ನೆನೆಯುತ್ತಿದ್ದರು. ಹಾಸ್ಯ ಅವರ ಬರಹದ ಜೀವಾಳವಾಗಿತ್ತು.

1950ರ ದಶಕದ ಕೊನೆಯಲ್ಲಿ ಅವರು ದಿಯಾರ್‌ಬಕಿರ್ ನಗರದ ‘ಇಲೆರಿ ಯುರ್ತ್’ ಎಂಬ ಪತ್ರಿಕೆಗೆ ಬರೆಯತೊಡಗಿದರು. ಪತ್ರಿಕೆ ತುರ್ಕಿ ಭಾಷೆಯದು. 1959ರಲ್ಲಿ ಅದರಲ್ಲಿ ಅವರ ‘ಕಿಮಿಲ್’ ಎಂಬ ಕುರ್ದಿ ಕವಿತೆ ಅಚ್ಚಾಯಿತು. ಕಿಮಿಲ್ ಎಂದರೆ ಗೋಧಿಯ ತೆನೆಯ ಹಾಲು ಹೀರಿ ಬೆಳೆಯನ್ನು ಜೊಳ್ಳಾಗಿಸುವ ಕೀಟ. ಬೆಳೆ ಕಳೆದುಕೊಂಡ ಹಳ್ಳಿಯ ಹೆಣ್ಣುಮಗಳ ಅಳಲು ಆ ಕವಿತೆಯ ವಸ್ತು. ಇಂಥ ಕೀಟಗಳಿಂದ ನಿನ್ನನ್ನು ಕಾಪಾಡುವ ಸೋದರರು ಬೆಳೆಯುತ್ತಿದ್ದಾರೆಂಬ ಸಾಂತ್ವನವನ್ನೂ ಅಂತೆರ್ ಅದರೊಂದಿಗೆ ಬರೆದಿದ್ದರು. ಬಹುಕಾಲದ ನಂತರ ಟರ್ಕಿಯ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡ ಆ ಕುರ್ದಿ ಸಾಲುಗಳು ದೇಶದಲ್ಲೆಲ್ಲ ಗದ್ದಲ ಎಬ್ಬಿಸಿದವು. ಕೀಟವೆಂದರೆ ಯಾರು, ಸೋದರರೆಂದರೆ ಯಾರು ಎಂದು ಸರ್ಕಾರ ತನ್ನದೇ ಅರ್ಥ ಮಾಡಿಕೊಂಡಿತು. ಲೇಖಕರ ಮೇಲೆ ಮೊಕದ್ದಮೆ ಹೂಡಲಾಯಿತು.

ಅದೇ ವರ್ಷದ ಡಿಸೆಂಬರ್ 17ರಂದು ಕುರ್ದಿ ವಿದ್ಯಾರ್ಥಿಗಳು ಮತ್ತು ವಿದ್ಯಾವಂತರು ಸೇರಿ ಐವತ್ತು ಮಂದಿಯನ್ನು ಬಂಧಿಸಿ, ಇಸ್ತಾಂಬುಲಿನ ಹರ್ಬಿಯೆ ಸೈನಿಕ ಸೆರೆಮನೆಗೆ ಹಾಕಲಾಯಿತು. ಅಂತೆರ್ ಅವರಲ್ಲೊಬ್ಬರು. ವಿಚಾರಣೆ ನಡೆಯುವ ಮೊದಲೇ ಒಬ್ಬ ಯುವಕ ಸೆರೆಯಲ್ಲಿ ತೀರಿಕೊಂಡ. ಉಳಿದವರ ಮೇಲಿನ ಪ್ರಕರಣ ನಲವತ್ತೊಂಬತ್ತು ಮಂದಿಯ ಮೊಕದ್ದಮೆ ಎಂದೇ ಇತಿಹಾಸದಲ್ಲಿ ಉಳಿಯಿತು. ದೇಶವನ್ನು ಒಡೆಯುವ ಸಂಚು ಎಂಬುದು ಆರೋಪ. ಅದಕ್ಕೆ ಮರಣದಂಡನೆಯವರೆಗೂ ಶಿಕ್ಷೆ ಇತ್ತು. ನೇಣಿನ ನೆರಳಿನಲ್ಲಿ ಕುಳಿತು ಅಂತೆರ್ ‘ಬಿರೀನಾ ರೆಶ್’ ಎಂಬ ಕುರ್ದಿ ನಾಟಕ ಬರೆದರು. ಕಪ್ಪು ಗಾಯ ಎಂಬುದು ಆ ಹೆಸರಿನ ಅರ್ಥ. ಬಡತನ, ರೋಗ, ಅಜ್ಞಾನಗಳಲ್ಲಿ ನರಳುವ ಹಳ್ಳಿಗರ ಕಥೆಯಾದ ಅದು 1965ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ತರುವಾಯ, 1967ರಲ್ಲಿ, ಅವರು ಸಿದ್ಧಪಡಿಸಿದ ಕುರ್ದಿ–ತುರ್ಕಿ ನಿಘಂಟು ಹೊರಬಂತು. ಇಲ್ಲದ ಭಾಷೆಗೊಂದು ನಿಘಂಟು. ಯಾವ ವಾದಕ್ಕಿಂತಲೂ ಬಲವಾದ ಉತ್ತರವದು.

ಇಲ್ಲಿಯವರೆಗಿನದು ಒಬ್ಬ ಬರಹಗಾರನ ಕಥೆ. ಆದರೆ ಭಾಷೆಯ ಹಕ್ಕು ಪದ್ಯ ಮತ್ತು ನಿಘಂಟುಗಳಿಂದಷ್ಟೇ ದೊರೆಯದು, ಅದಕ್ಕೆ ಶಾಸನಸಭೆಯ ಬಾಗಿಲು ತಟ್ಟಬೇಕೆಂಬ ಅರಿವು ಆ ಕಾಲದ ಕುರ್ದಿಗಳಲ್ಲಿ ಬೆಳೆಯುತ್ತಿತ್ತು. ಆ ಬಾಗಿಲಿನ ಸ್ಥಿತಿ ಹೇಗಿತ್ತೆಂಬುದಕ್ಕೆ ಟರ್ಕಿ ಕಾರ್ಮಿಕ ಪಕ್ಷವೇ ನಿದರ್ಶನ. ಸಮಾಜಶಾಸ್ತ್ರಜ್ಞೆ ಬೆಹಿಜೆ ಬೊರಾನ್ ಅವರ ನಾಯಕತ್ವದ ಆ ಪಕ್ಷ 1970ರ ತನ್ನ ಮಹಾಧಿವೇಶನದಲ್ಲಿ, ದೇಶದ ಪೂರ್ವದಲ್ಲಿ ಕುರ್ದಿ ಜನರಿದ್ದಾರೆ, ಅವರನ್ನು ದಮನಿಸಲಾಗುತ್ತಿದೆ ಎಂಬ ನಿರ್ಣಯವನ್ನು ಅಂಗೀಕರಿಸಿತು. ಮರುವರ್ಷ ಸೈನ್ಯದ ಹಸ್ತಕ್ಷೇಪವಾಯಿತು; 1971ರ ಜುಲೈಯಲ್ಲಿ ಸಂವಿಧಾನ ನ್ಯಾಯಾಲಯ ಆ ನಿರ್ಣಯವನ್ನೇ ಕಾರಣವಾಗಿಸಿ ಪಕ್ಷವನ್ನು ಮುಚ್ಚಿತು. ಅಂತೆರ್ ಕೂಡ ಆ ವರ್ಷ ಮತ್ತೆ ಸೆರೆ ಸೇರಿದರು. 1980ರ ಸೈನಿಕ ಕ್ರಾಂತಿಯ ನಂತರ ಮತ್ತೊಮ್ಮೆ.

1980ರ ಸೈನಿಕ ಆಡಳಿತ ಬಿಟ್ಟುಹೋದ ಕಾನೂನುಗಳನ್ನು ಅರಿಯದೆ ಅಂತೆರ್ ಅವರ ಕೊನೆಯ ವರ್ಷಗಳನ್ನು ಅರಿಯಲಾಗದು. 1982ರ ಸಂವಿಧಾನದ 42ನೆಯ ವಿಧಿ ತುರ್ಕಿಯ ಹೊರತು ಬೇರಾವ ಭಾಷೆಯನ್ನೂ ಮಾತೃಭಾಷೆಯಾಗಿ ಶಾಲೆಗಳಲ್ಲಿ ಕಲಿಸಬಾರದೆಂದಿತು. 1983ರ 2932ನೆಯ ಕಾನೂನು ಇನ್ನೂ ಮುಂದೆ ಹೋಗಿ, ಟರ್ಕಿ ಮಾನ್ಯ ಮಾಡಿದ ದೇಶಗಳ ಮೊದಲನೆಯ ಅಧಿಕೃತ ಭಾಷೆಗಳನ್ನು ಬಿಟ್ಟು ಬೇರೆ ಭಾಷೆಯಲ್ಲಿ ವಿಚಾರ ಪ್ರಕಟಿಸುವುದನ್ನೇ ನಿಷೇಧಿಸಿತು. ಮೊದಲನೆಯ ಎಂಬ ಮಾತಿಗೆ ಇಲ್ಲಿ ವಿಶೇಷ ಅರ್ಥವಿದೆ. ಇರಾಕಿನಲ್ಲಿ ಕುರ್ದಿಗೆ ಅರಬ್ಬಿಯ ನಂತರದ ಸ್ಥಾನವಿತ್ತು. ಆ ಒಂದು ಪದದಿಂದ ಕುರ್ದಿ ಹೊರಗೆ ಉಳಿಯಿತು. ಕುರ್ದಿ ಎಂಬ ಹೆಸರನ್ನೇ ಎತ್ತದೆ ಕುರ್ದಿಯನ್ನು ನಿಷೇಧಿಸಿದ ಕಾನೂನದು. ಎಲ್ಲ ಪ್ರಜೆಗಳ ಮಾತೃಭಾಷೆ ತುರ್ಕಿ ಎಂದೂ ಅದು ಘೋಷಿಸಿತು. ಅದೇ ವರ್ಷ ಬಂದ ರಾಜಕೀಯ ಪಕ್ಷಗಳ ಕಾನೂನಿನ 81ನೆಯ ಕಲಂ, ಭಾಷೆ, ಜನಾಂಗ ಅಥವಾ ಧರ್ಮದ ಆಧಾರದ ಮೇಲೆ ದೇಶದಲ್ಲಿ ಅಲ್ಪಸಂಖ್ಯಾತರಿದ್ದಾರೆಂದು ಯಾವ ಪಕ್ಷವೂ ಹೇಳಬಾರದೆಂದು ವಿಧಿಸಿತು. ತುರ್ಕಿಯಲ್ಲದ ಭಾಷೆ ಮತ್ತು ಸಂಸ್ಕೃತಿಯನ್ನು ರಕ್ಷಿಸಿ ಬೆಳೆಸುವ ಮೂಲಕ ಅಲ್ಪಸಂಖ್ಯಾತರನ್ನು ಸೃಷ್ಟಿಸುವುದೂ ಪಕ್ಷಗಳಿಗೆ ನಿಷಿದ್ಧವಾಯಿತು. ಹಕ್ಕು ಕೇಳುವುದಕ್ಕೆ ಮೊದಲು ನಾವಿದ್ದೇವೆ ಎನ್ನಬೇಕು. ಹಾಗೆನ್ನುವುದೇ ಪಕ್ಷವನ್ನು ಮುಚ್ಚಲು ಸಾಕಾಗುವ ಅಪರಾಧವಾಗಿತ್ತು.

ಇದೇ ಕಾಲದಲ್ಲಿ, 1984ರಿಂದ, ಪಿಕೆಕೆ ಎಂಬ ಸಂಘಟನೆ ಸಶಸ್ತ್ರ ಹೋರಾಟಕ್ಕೆ ಇಳಿಯಿತು. ಸೈನಿಕರು, ಹೋರಾಟಗಾರರು, ಸಾಮಾನ್ಯ ಹಳ್ಳಿಗರು ಸೇರಿ ಮುಂದಿನ ದಶಕಗಳಲ್ಲಿ ಸಾವಿರಾರು ಜನ ಸತ್ತರು. ಗುಂಡಿನ ಸದ್ದಿನ ನಡುವೆಯೇ ಶಾಸನಬದ್ಧ ದಾರಿಯೊಂದನ್ನು ತೆರೆಯುವ ಯತ್ನ ನಡೆಯಿತು. 1989ರ ಅಕ್ಟೋಬರದಲ್ಲಿ ಪ್ಯಾರಿಸ್‌ನಲ್ಲಿ ನಡೆದ ಕುರ್ದಿ ಸಮ್ಮೇಳನಕ್ಕೆ ಹೋದ ತಪ್ಪಿಗೆ ಏಳು ಸಂಸದರನ್ನು ಸಮಾಜವಾದಿ ಒಲವಿನ ಎಸ್‌ಎಚ್‌ಪಿ ಪಕ್ಷ ಹೊರಹಾಕಿತು. ಅದರ ಪರಿಣಾಮವಾಗಿ 1990ರ ಜೂನ್ 7ರಂದು ಹೆಪ್ ಎಂಬ ಕಿರುಹೆಸರಿನ ಜನತಾ ಶ್ರಮ ಪಕ್ಷ ಹುಟ್ಟಿತು. ಎಪ್ಪತ್ತರ ಹೊಸ್ತಿಲಿನಲ್ಲಿದ್ದ ಅಂತೆರ್ ಅದನ್ನು ಕಟ್ಟಿದವರಲ್ಲಿ ಒಬ್ಬರಾದರು.

ಆ ಇಳಿವಯಸ್ಸಿನಲ್ಲಿ ಅವರು ಮಾಡಿದ ಕೆಲಸ ಯುವಕರನ್ನೂ ನಾಚಿಸುವಂಥದು. ತಮ್ಮ ನೆನಪುಗಳನ್ನು ಎರಡು ಸಂಪುಟಗಳಲ್ಲಿ ಹೊರತಂದರು. 1991ರ ಏಪ್ರಿಲಿನಲ್ಲಿ 2932ನೆಯ ಕಾನೂನು ರದ್ದಾದಾಗ ಕುರ್ದಿ ಬರಹಕ್ಕೆ ಕೊಂಚ ಉಸಿರಾಡಲು ಅವಕಾಶವಾಯಿತು. ಅದೇ ವರ್ಷ ಇಸ್ತಾಂಬುಲಿನಲ್ಲಿ ಮೆಸೊಪೊಟೇಮಿಯಾ ಸಾಂಸ್ಕೃತಿಕ ಕೇಂದ್ರ, 1992ರಲ್ಲಿ ಕುರ್ದಿ ಸಂಸ್ಥೆ ಆರಂಭವಾದವು. ಎರಡರ ಸ್ಥಾಪಕರಲ್ಲಿಯೂ ಅಂತೆರ್ ಇದ್ದರು. 1992ರ ಮೇ ತಿಂಗಳಲ್ಲಿ ಹೊರಬರತೊಡಗಿದ ‘ಒಜ್‌ಗುರ್ ಗುಂದೆಮ್’ ದಿನಪತ್ರಿಕೆಗೆ ಅಂಕಣ ಬರೆದರು. ಜನ ಅವರನ್ನು ಆಪೆ ಮೂಸಾ ಎಂದು ಕರೆಯುತ್ತಿದ್ದರು. ಆಪೆ ಎಂದರೆ ಚಿಕ್ಕಪ್ಪ ಅಥವಾ ದೊಡ್ಡಪ್ಪ. ಒಂದು ಜನಾಂಗವೇ ಒಬ್ಬ ಬರಹಗಾರನನ್ನು ಮನೆಯ ಹಿರಿಯನನ್ನು ಕರೆಯುವಂತೆ ಕರೆದದ್ದು ಯಾವ ಪ್ರಶಸ್ತಿಗೂ ಕಡಿಮೆಯಲ್ಲ.

ಹೆಪ್ ಪಕ್ಷ 1991ರ ಅಕ್ಟೋಬರದ ಚುನಾವಣೆಯಲ್ಲಿ ಎಸ್‌ಎಚ್‌ಪಿಯ ಪಟ್ಟಿಯಲ್ಲಿ ತನ್ನ ಅಭ್ಯರ್ಥಿಗಳನ್ನು ನಿಲ್ಲಿಸಿತು. ದೇಶದ ಒಟ್ಟು ಮತಗಳಲ್ಲಿ ಶೇಕಡಾ 10 ಪಡೆಯದ ಪಕ್ಷಕ್ಕೆ ಸಂಸತ್ತಿನಲ್ಲಿ ಸ್ಥಾನವೇ ಇಲ್ಲವೆಂಬ ನಿಯಮವಿದ್ದುದರಿಂದ ಬೇರೆ ದಾರಿ ಇರಲಿಲ್ಲ. ಹಾಗೆ ಗೆದ್ದು ಬಂದ ಲೈಲಾ ಜಾನಾ ಪ್ರಮಾಣವಚನದ ಕೊನೆಗೆ ತುರ್ಕಿ ಮತ್ತು ಕುರ್ದಿ ಜನರ ಸೋದರತೆಯನ್ನು ಹಾರೈಸುವ ಒಂದು ವಾಕ್ಯವನ್ನು ಕುರ್ದಿಯಲ್ಲಿ ಸೇರಿಸಿದಾಗ ಸಂಸತ್ತು ಸಿಟ್ಟಿನಿಂದ ಎದ್ದುನಿಂತಿತು. ಮೂರು ವರ್ಷಗಳಲ್ಲಿ ಆಕೆ ಸೆರೆ ಸೇರಿದರು. ಹೊರಗೆ ಪರಿಸ್ಥಿತಿ ಇನ್ನೂ ಘೋರವಾಗಿತ್ತು. ಹೆಪ್‌ನ ದಿಯಾರ್‌ಬಕಿರ್ ಅಧ್ಯಕ್ಷ ವೇದಾತ್ ಆಯ್ದಿನ್ ಅವರನ್ನು 1991ರ ಜುಲೈಯಲ್ಲಿ ಮನೆಯಿಂದ ಕರೆದೊಯ್ದು ಕೊಲ್ಲಲಾಯಿತು. ಕೊಂದವರಾರೆಂದು ಗೊತ್ತಾಗದ ಕೊಲೆಗಳು ಆ ಸೀಮೆಯ ದಿನನಿತ್ಯದ ಸುದ್ದಿಯಾದವು.

1992ರ ಸೆಪ್ಟೆಂಬರಿನಲ್ಲಿ ದಿಯಾರ್‌ಬಕಿರ್‌ನಲ್ಲಿ ಒಂದು ಸಾಂಸ್ಕೃತಿಕ ಉತ್ಸವ ನಡೆಯಿತು. ಅಂತೆರ್ ಅತಿಥಿಯಾಗಿ ಬಂದು ಓದುಗರಿಗೆ ತಮ್ಮ ಪುಸ್ತಕಗಳ ಮೇಲೆ ಸಹಿ ಹಾಕಿಕೊಟ್ಟರು. ಸೆಪ್ಟೆಂಬರ್ 20ರ ಸಂಜೆ ಅಪರಿಚಿತನೊಬ್ಬ ಅವರನ್ನು ಹೋಟೆಲಿನಿಂದ ಹೊರಗೆ ಕರೆಸಿಕೊಂಡ. ನಗರದ ಅಂಚಿನಲ್ಲಿ ಗುಂಡುಗಳು ಹಾರಿದವು. ಜೊತೆಗಿದ್ದ ರಾಜಕಾರಣಿ ಒರ್ಹಾನ್ ಮಿರೊಲು ತೀವ್ರವಾಗಿ ಗಾಯಗೊಂಡು ಬದುಕುಳಿದರು. ಆಪೆ ಮೂಸಾ ಉಳಿಯಲಿಲ್ಲ. ಸಿಳ್ಳೆ, ಕವಿತೆ, ನಾಟಕ, ನಿಘಂಟು, ಪತ್ರಿಕೆ, ಪಕ್ಷ: ಅವರ ಬದುಕಿನ ಅಪರಾಧಗಳ ಪಟ್ಟಿ ಇಷ್ಟೇ. ಅದರಲ್ಲಿ ಎಲ್ಲಿಯೂ ಆಯುಧವಿಲ್ಲ.

ಅವರು ತೀರಿಕೊಂಡು ಹತ್ತು ತಿಂಗಳು ಕಳೆಯುವುದರೊಳಗೆ, 1993ರ ಜುಲೈ 14ರಂದು, ಟರ್ಕಿಯ ಸಂವಿಧಾನ ನ್ಯಾಯಾಲಯ ಹೆಪ್ ಪಕ್ಷವನ್ನು ವಿಸರ್ಜಿಸಿತು. ಪಕ್ಷದ ಮಾತು ಮತ್ತು ನಡೆ ದೇಶ ಹಾಗೂ ರಾಷ್ಟ್ರದ ಅಖಂಡತೆಗೆ ಧಕ್ಕೆ ತರುವಂಥವು ಎಂಬುದು ತೀರ್ಪಿನ ಸಾರ. ಮುಚ್ಚುವ ದಿನ ಬರುವುದೆಂದು ತಿಳಿದಿದ್ದವರು ಮೊದಲೇ ಮತ್ತೊಂದು ಪಕ್ಷ ಕಟ್ಟಿಕೊಂಡಿದ್ದರು. 1993ರ ನವೆಂಬರಿನಲ್ಲಿ ಓಜ್‌ದೆಪ್, 1994ರ ಜೂನಿನಲ್ಲಿ ದೆಪ್, 2003ರ ಮಾರ್ಚಿನಲ್ಲಿ ಹಾದೆಪ್, 2009ರ ಡಿಸೆಂಬರಿನಲ್ಲಿ ಡಿಟಿಪಿ ಒಂದಾದ ಮೇಲೊಂದು ಮುಚ್ಚಲ್ಪಟ್ಟವು. 2021ರಲ್ಲಿ ಎಚ್‌ಡಿಪಿಯನ್ನು ಮುಚ್ಚಬೇಕೆಂದೂ ಮೊಕದ್ದಮೆ ಹೂಡಲಾಯಿತು. ಹೆಸರುಗಳು ಬದಲಾದವು; ಮತ ಹಾಕುವ ಜನ ಬದಲಾಗಲಿಲ್ಲ.

ಈ ನಿಷೇಧಗಳಿಗೆ ಸರ್ಕಾರ ಕೊಟ್ಟ ಕಾರಣವನ್ನು ನಾವು ಮರೆಮಾಚುವುದಿಲ್ಲ. ಈ ಪಕ್ಷಗಳಿಗೆ ಸಶಸ್ತ್ರ ಸಂಘಟನೆಯೊಂದಿಗೆ ನಂಟಿದೆ, ಇವು ಅದರ ಮುಖವಾಡ ಎಂಬುದು ಆ ವಾದ. ಯಾವ ದೇಶವೂ ಹಿಂಸೆಯ ಸಂಚನ್ನು ಸಹಿಸಬೇಕಿಲ್ಲ. ಆದರೆ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2002ರ ಏಪ್ರಿಲ್ 9ರಂದು ಹೆಪ್ ಪ್ರಕರಣದ ತೀರ್ಪು ನೀಡುವಾಗ ಇದನ್ನೇ ಪರಿಶೀಲಿಸಿತು. ಪಕ್ಷ ಸರ್ಕಾರವನ್ನು ಕಟುವಾಗಿ ಟೀಕಿಸಿದ್ದರೂ ಹಿಂಸೆಗೆ ಕರೆ ಕೊಟ್ಟಿರಲಿಲ್ಲವೆಂದು ಕಂಡು, ಸಂಘಟನಾ ಸ್ವಾತಂತ್ರ್ಯದ ಉಲ್ಲಂಘನೆಯಾಗಿದೆ ಎಂದಿತು. ಒಂದು ವಿಚಾರವನ್ನು ಶಾಂತಿಯಿಂದ ಮುಂದಿಡುವುದನ್ನೇ ಭಯೋತ್ಪಾದನೆಗೆ ಬೆಂಬಲವೆಂದು ಎಣಿಸಿದರೆ, ಆ ವಿಚಾರದ ಒಡೆತನವನ್ನು ಬಂದೂಕು ಹಿಡಿದವರಿಗೇ ಬಿಟ್ಟುಕೊಟ್ಟಂತಾಗುತ್ತದೆ ಎಂಬ ಅರ್ಥದ ಎಚ್ಚರಿಕೆಯೂ ಆ ತೀರ್ಪಿನಲ್ಲಿದೆ. ಓಜ್‌ದೆಪ್, ದೆಪ್, ಹಾದೆಪ್, ಡಿಟಿಪಿ ಪ್ರಕರಣಗಳಲ್ಲಿಯೂ ಆ ನ್ಯಾಯಾಲಯ ಟರ್ಕಿಯ ವಿರುದ್ಧವೇ ತೀರ್ಪಿತ್ತಿತು. ಆದರೆ ಮುಚ್ಚಿದ ಪಕ್ಷವನ್ನು ಯಾವ ತೀರ್ಪೂ ಮರಳಿ ತೆರೆಯಲಿಲ್ಲ.

ಅಂತೆರ್ ಅವರ ಕೊಲೆಯ ಕಥೆಯೂ ಹೀಗೆಯೇ ಸಾಗಿತು. ಪ್ರಭುತ್ವದೊಳಗಿನ ರಹಸ್ಯ ಜಾಲಗಳ ಕುರಿತು 1998ರಲ್ಲಿ ಪ್ರಧಾನಮಂತ್ರಿಗೆ ಸಲ್ಲಿಸಲಾದ ವರದಿ ಈ ಕೊಲೆಯನ್ನೂ ಪ್ರಸ್ತಾಪಿಸಿತು. 2006ರ ಡಿಸೆಂಬರ್ 19ರಂದು ಐರೋಪ್ಯ ನ್ಯಾಯಾಲಯ, ಅಂತೆರ್ ಅವರ ಜೀವಿಸುವ ಹಕ್ಕನ್ನು ಟರ್ಕಿ ಉಲ್ಲಂಘಿಸಿದೆಯೆಂದು ತೀರ್ಮಾನಿಸಿ ಕುಟುಂಬಕ್ಕೆ ಪರಿಹಾರ ಕೊಡಿಸಿತು. ದೇಶದೊಳಗಿನ ವಿಚಾರಣೆ ಮಾತ್ರ ಬಹು ತಡವಾಗಿ ಆರಂಭವಾಗಿ, ಮೂವತ್ತು ವರ್ಷಗಳ ಕಾಲಮಿತಿ ತೀರಿತೆಂಬ ಕಾರಣಕ್ಕೆ 2022ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತು. ಯಾರಿಗೂ ಶಿಕ್ಷೆಯಾಗಲಿಲ್ಲ.

ದೂರದ ನಾಡಿನ ಈ ಕಥೆಯನ್ನು ನಾವು ನಮ್ಮ ಓದುಗರ ಮುಂದಿಡುವುದಕ್ಕೆ ಕಾರಣವಿದೆ. ಶಾಲೆಯಲ್ಲಿ ಕನ್ನಡ ಶಿಕ್ಷಕರ ನೇಮಕವಾಗಲಿಲ್ಲ, ಕಚೇರಿಯ ಅರ್ಜಿ ನಮೂನೆ ನಮ್ಮ ಭಾಷೆಯಲ್ಲಿಲ್ಲ ಎಂದು ನಾವು ಮತ್ತೆ ಮತ್ತೆ ಮನವಿ ಸಲ್ಲಿಸುತ್ತೇವೆ. ಆ ಕೊರತೆಗಳು ನಿಜ, ಆ ನೋವೂ ನಿಜ. ಆದರೆ ಆ ಮನವಿಯ ಮೊದಲ ಸಾಲಿನಲ್ಲಿಯೇ ನಾವು ಭಾಷಾ ಅಲ್ಪಸಂಖ್ಯಾತರು ಎಂದು ನಿರ್ಭಯವಾಗಿ ಬರೆಯುತ್ತೇವೆ. ನಮ್ಮ ಸಂವಿಧಾನದ 29 ಮತ್ತು 30ನೆಯ ವಿಧಿಗಳು, 350-ಎ ಮತ್ತು 350-ಬಿ ವಿಧಿಗಳು ಆ ಹೆಸರನ್ನು ನಮಗೆ ಕೊಟ್ಟಿವೆ. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಕೇಳಿದ ಕರ್ನಾಟಕ ಸಮಿತಿ ಚುನಾವಣೆಗೆ ನಿಂತು ಕೇರಳದ ವಿಧಾನಸಭೆಯಲ್ಲಿಯೇ ಕುಳಿತಿತು. ಹಾಗೆ ಕೇಳಿದ್ದಕ್ಕಾಗಿ ಅದನ್ನು ಯಾವ ನ್ಯಾಯಾಲಯವೂ ಮುಚ್ಚಲಿಲ್ಲ. ಆ ಒಂದು ಸಾಲನ್ನು ಬರೆಯುವುದಕ್ಕಾಗಿ ಮೂಸಾ ಅಂತೆರ್ ತಮ್ಮ ಬದುಕಿನ ಹಲವು ವರ್ಷಗಳನ್ನು ಸೆರೆಯಲ್ಲಿ ಕಳೆದರು, ಕೊನೆಗೆ ಪ್ರಾಣವನ್ನೂ ತೆತ್ತರು. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ. ಕೈಯಲ್ಲಿರುವುದರ ಬೆಲೆ ಅರಿತು, ಅದನ್ನು ಬಿಡದೆ ಬಳಸುವುದೇ ನಾವು ಆಪೆ ಮೂಸಾ ಅವರಿಗೆ ಸಲ್ಲಿಸಬಹುದಾದ ಗೌರವ.